ಅಗಲಿದವರ ನೆನಪಿಗೆ ಪುಣೆಯಿಂದ ಪಣಜಿಗೆ ಸೈಕಲ್: ಹಣ ಮೊದಲು, ಗಾಲಿ ಆಮೇಲೆ

ಮಳೆಗಾಲ ಮುಗಿಯುತ್ತಾ ಬಂದಂತೆ ಪುಣೆ, ಮುಂಬಯಿಯ ಕನ್ನಡಿಗ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಪ್ಪ ಹೋಗಿ ವರ್ಷವಾಗುತ್ತಾ ಬಂತು, ಅವರ ಹೆಸರಲ್ಲಿ ಗೋವಾದವರೆಗೆ ಸೈಕಲ್ ತುಳಿದು ಒಂದಿಷ್ಟು ದುಡ್ಡು ಕೂಡಿಸಿ ಒಳ್ಳೆಯ ಕೆಲಸಕ್ಕೆ ಕೊಡಬೇಕು, ಯಾವ ಸೈಕಲ್ ತಗೊಳ್ಳೋಣ? ಅಪ್ಪನ ಜಾಗದಲ್ಲಿ ಒಮ್ಮೆ ಅಕ್ಕ ಇರುತ್ತಾರೆ, ಒಮ್ಮೆ ಗೆಳೆಯ. ಕೊನೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ.

ಸೈಕಲ್ಲಿನ ಪ್ರಶ್ನೆ ಐದನೆಯ ಹಂತದಲ್ಲಿ ಬರುತ್ತದೆ. ಇಂಥ ಸವಾರಿಗಳು ಕೆಡುವುದು ರಸ್ತೆಯಲ್ಲಿ ಕಡಿಮೆ, ಲೆಕ್ಕದಲ್ಲಿ ಹೆಚ್ಚು. ಟೈರು ಒಡೆದರೆ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ‘ಆ ದುಡ್ಡು ಏನಾಯ್ತು’ ಎಂದು ಸೋದರಮಾವ ಮದುವೆ ಮನೆಯಲ್ಲಿ ಕೇಳಿದರೆ ಅದನ್ನು ಸರಿಮಾಡಲು ವರ್ಷಗಳು ಬೇಕು. ಆದ್ದರಿಂದ ಹೊರಡುವುದಕ್ಕೆ ನಾಲ್ಕು ತಿಂಗಳು ಮೊದಲೇ ಶುರುಮಾಡಿ, ಈ ಕ್ರಮದಲ್ಲೇ ಹೋಗಿ.

1. ಹಣ ಯಾರ ಖಾತೆಗೆ ಹೋಗಬೇಕು?

ನಿಮ್ಮ ಖಾತೆಗಂತೂ ಬೇಡ. ದೇಣಿಗೆ ಕೊಡುವವರ ದುಡ್ಡು ನೇರವಾಗಿ ಸಂಸ್ಥೆಯ ಖಾತೆಗೆ ಬೀಳಬೇಕು. ‘ನನ್ನ ಫೋನಿಗೆ ಹಾಕಿ, ಒಟ್ಟು ಮಾಡಿ ಕೊಡ್ತೀನಿ’ ಅನ್ನುವುದು ಸುಲಭವೆನಿಸುತ್ತದೆ, ಆದರೆ ಅದರಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು ತೆರಿಗೆ. ಹತ್ತಿರದ ಸಂಬಂಧಿಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು ₹50,000 ಮೀರಿ ನಿಮ್ಮ ಖಾತೆಗೆ ಬಂದರೆ ಅದನ್ನು ನಿಮ್ಮ ಆದಾಯವೆಂದೇ ಲೆಕ್ಕ ಹಿಡಿಯಬಹುದು. ಎರಡನೆಯದು ರಸೀದಿ. ತೆರಿಗೆ ರಿಯಾಯಿತಿಗೆ ನಡೆಯುವ ‘80ಜಿ’ ರಸೀದಿಯನ್ನು ನೋಂದಾಯಿತ ಸಂಸ್ಥೆ ಮಾತ್ರ ಕೊಡಬಲ್ಲದು, ಅದೂ ಹಣ ಕಳಿಸಿದವರ ಹೆಸರಿಗೆ. ಎಲ್ಲವನ್ನೂ ನೀವೇ ಕೂಡಿಸಿ ಒಂದೇ ಸಲ ಕಳಿಸಿದರೆ ರಸೀದಿ ನಿಮ್ಮೊಬ್ಬರ ಹೆಸರಿಗೆ ಬರುತ್ತದೆ, ಉಳಿದವರ ಕೈ ಖಾಲಿ. ಮೂರನೆಯದು ಮಹಾರಾಷ್ಟ್ರದ ಕಾನೂನು. ಇಲ್ಲಿ ಧರ್ಮಕಾರ್ಯದ ಹೆಸರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತುವವರು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಸಿ ಕಲಮಿನಡಿ ಧರ್ಮಾದಾಯ ಆಯುಕ್ತರ ಕಚೇರಿಗೆ ತಿಳಿಸಬೇಕು. ಗಣೇಶ ಮಂಡಳಿಗಳು ಪ್ರತಿವರ್ಷ ಓಡಾಡುವುದು ಇದಕ್ಕೇ. ನೋಂದಾಯಿತ ಟ್ರಸ್ಟೇ ನೇರವಾಗಿ ಹಣ ಪಡೆದರೆ ಈ ಮೂರೂ ತಲೆನೋವು ನಿಮ್ಮದಲ್ಲ.

ಸಂಸ್ಥೆಯನ್ನು ಆರಿಸುವಾಗ ಹೋದವರ ಬದುಕನ್ನು ನೋಡಿ. ಕಿಡ್ನಿ ಕೆಟ್ಟು ತೀರಿಕೊಂಡವರ ನೆನಪಿಗೆ ಡಯಾಲಿಸಿಸ್ ನೆರವು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಕಾರಿಡಾರಿನಲ್ಲಿ ತಿಂಗಳುಗಟ್ಟಲೆ ಕಳೆದ ಕುಟುಂಬಕ್ಕೆ ಕ್ಯಾನ್ಸರ್ ರೋಗಿಗಳ ವಸತಿ, ಔಷಧಿ. ಮೇಷ್ಟರಾಗಿದ್ದವರಿಗೆ ಶಾಲೆಯ ಗ್ರಂಥಾಲಯ. ಸಂಬಂಧ ಕಾಣುವಂತಿದ್ದರೆ ದೇಣಿಗೆ ಕೇಳುವ ಮಾತು ತಾನಾಗಿ ಚಿಕ್ಕದಾಗುತ್ತದೆ.

ಸಂಸ್ಥೆಯವರನ್ನು ಕಂಡು ಇಷ್ಟನ್ನು ಬರಹದಲ್ಲಿ ಪಡೆಯಿರಿ:

– 80ಜಿ ನೋಂದಣಿ ಸಂಖ್ಯೆ, ಅದು ಯಾವ ವರ್ಷದವರೆಗೆ ಜಾರಿಯಲ್ಲಿದೆ ಎಂಬ ಪ್ರತಿ.
– ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂಬ ಒಂದು ಪತ್ರ. ‘ಸಾಮಾನ್ಯ ನಿಧಿಗೆ’ ಎಂದರೆ ಸಂಬಳ, ಬಾಡಿಗೆ ಎಲ್ಲವೂ ಅದರಲ್ಲೇ. ತಪ್ಪೇನಿಲ್ಲ, ಆದರೆ ದಾನಿಗಳಿಗೆ ಮೊದಲೇ ಹೇಳಬೇಕು.
– ನಿಮ್ಮ ಸವಾರಿಗೆಂದು ಒಂದು ಗುರುತಿನ ಪದ. ಹಣ ಕಳಿಸುವವರು ಷರಾದಲ್ಲಿ ಆ ಪದ ಬರೆದರೆ ಸಂಸ್ಥೆಯ ಲೆಕ್ಕಿಗರು ನಿಮ್ಮ ಪಟ್ಟಿಯನ್ನು ಬೇರೆ ತೆಗೆಯಬಲ್ಲರು. ಇದೊಂದನ್ನು ಮರೆತರೆ ಕೊನೆಗೆ ಒಟ್ಟು ಎಷ್ಟು ಬಂತೆಂಬುದು ಯಾರಿಗೂ ಗೊತ್ತಾಗುವುದಿಲ್ಲ.
– ವಾರಕ್ಕೊಮ್ಮೆ ಆ ಪಟ್ಟಿ ಕಳಿಸುವ ಒಬ್ಬ ಸಿಬ್ಬಂದಿಯ ಫೋನ್ ನಂಬರು.

ದಾನಿಗಳಿಗೆ ಮೊದಲೇ ತಿಳಿಸಬೇಕಾದದ್ದು: ರಸೀದಿಗೆ ಪ್ಯಾನ್ ಸಂಖ್ಯೆ ಬೇಕು, ₹2,000 ಮೀರಿದ ನಗದಿಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಲಾಭ ಸಿಗುವುದಿಲ್ಲ. ದುಬೈ, ಮಸ್ಕತ್ತಿನ ಬಂಧುಗಳು ಎಲ್ಲ ಮನೆಯಲ್ಲೂ ಇರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣ, ಒಸಿಐ ಕಾರ್ಡಿನ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ ಕಾರ್ಡು) ಚಿಕ್ಕಪ್ಪ ಕಳಿಸಿದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. ಅಣ್ಣನ ಡಾಲರನ್ನು ತಮ್ಮನ ಖಾತೆಗೆ ತರಿಸಿ ಅಲ್ಲಿಂದ ಟ್ರಸ್ಟಿಗೆ ಸಾಗಿಸುವ ‘ಉಪಾಯ’ ಮಾಡಬೇಡಿ. ಸಿಕ್ಕಿಬೀಳುವುದು ಸಂಸ್ಥೆ.

ಇನ್ನೊಂದು ಗಟ್ಟಿ ನಿಯಮ: ಸವಾರಿಯ ಖರ್ಚು ಸವಾರರದ್ದು. ಊಟ, ಕೋಣೆ, ಪೆಟ್ರೋಲು, ಟೀ ಶರ್ಟು ಯಾವುದಕ್ಕೂ ದೇಣಿಗೆಯ ಒಂದು ರೂಪಾಯಿ ಬಳಸಬಾರದು. ಯಾರಾದರೂ ಹೋಟೆಲಿನವರು ಕೋಣೆ ಪುಕ್ಕಟೆ ಕೊಟ್ಟರೆ ಸಂತೋಷ, ಆದರೆ ಅದನ್ನು ಬೇರೆ ಹಾಳೆಯಲ್ಲಿ ಬರೆದಿಡಿ.

2. ತಾರೀಕು

ಶ್ರಾದ್ಧದ ತಿಥಿಗೇ ಪಣಜಿ ತಲುಪಬೇಕೆಂದು ಹಟ ಹಿಡಿಯುವವರು ಬಹಳ. ತಿಥಿ ಚಾಂದ್ರಮಾನದ್ದು. ಇಂಗ್ಲಿಷ್ ತಾರೀಕಿಗೆ ಹೋಲಿಸಿದರೆ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದ ವರ್ಷ ಮುಂದೆ ಜಿಗಿಯುತ್ತದೆ. ಅದಕ್ಕಿಂತ ಮುಖ್ಯ, ಹೋದವರು ಆಷಾಢದಲ್ಲಿ ಹೋಗಿದ್ದರೆ? ದಾರಿಯಲ್ಲಿ ಸಿಗುವ ಆಂಬೋಲಿ ಘಾಟಿ ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹತ್ತು ಮೀಟರ್ ಮುಂದಿನದು ಕಾಣದ ಮಂಜು, ರಸ್ತೆಗೆ ಬಿದ್ದ ಕಲ್ಲು, ಜಲಪಾತ ನೋಡಲು ಬಂದ ಕಾರುಗಳ ಸಾಲು. ಪಿತೃಪಕ್ಷವೂ ಮಳೆಗಾಲದ ಬಾಲದಲ್ಲೇ ಬರುತ್ತದೆ. ತಿಥಿಯ ದಿನ ಮನೆಯಲ್ಲಿ ಮಾಡುವುದನ್ನು ಮಾಡಿ, ದೇಣಿಗೆಯ ಕರೆಯನ್ನು ಅಂದೇ ಕಳಿಸಿ. ಸವಾರಿಯನ್ನು ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದೊಳಗೆ ಇಡಿ. ಡಿಸೆಂಬರ್ 20ರಿಂದ ಜನವರಿ 2ರವರೆಗೆ ಮಾತ್ರ ಬೇಡ. ಗೋವಾದಲ್ಲಿ ಕೋಣೆಯೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ.

ವರ್ಷ ತುಂಬುವ ಮೊದಲೇ ಹೊರಡುವವರು ಮನೆಯ ಹಿರಿಯರನ್ನು ಕೇಳಿ. ಮೊದಲ ವರ್ಷ ಹಬ್ಬ, ಸಂಭ್ರಮ ಬೇಡವೆನ್ನುವ ಮನೆಗಳಲ್ಲಿ ಹೂಹಾರ, ಡೋಲು ತಾಶೆಯ ಬೀಳ್ಕೊಡುಗೆ ಯಾರ ಮನಸ್ಸಿಗಾದರೂ ಚುಚ್ಚುತ್ತದೆ. ಸಾವಾದ ಮೂರು ತಿಂಗಳೊಳಗೆ ಇಷ್ಟು ದೂರದ ಸವಾರಿ ಬೇಡವೆಂದೇ ನಮ್ಮ ಅಭಿಪ್ರಾಯ. ನಿದ್ದೆ ಕೆಟ್ಟಿರುತ್ತದೆ, ಊಟ ಕಡಿಮೆಯಾಗಿರುತ್ತದೆ, ಹೆದ್ದಾರಿಯಲ್ಲಿ ಗಮನ ಎಲ್ಲೋ ಇರುತ್ತದೆ.

3. ಕೇಳುವ ಮಾತು

ಭಾವಚಿತ್ರ ಹಾಕುವ ಮೊದಲು ಹತ್ತಿರದವರ ಒಪ್ಪಿಗೆ ಬೇಕು. ಕಾಯಿಲೆಯ ಹೆಸರು ಬರೆಯಲೂ ಅದೇ ಒಪ್ಪಿಗೆ ಬೇಕು. ಆಸ್ಪತ್ರೆಯ ಹಾಸಿಗೆಯ ಚಿತ್ರ ಬೇಡವೇ ಬೇಡ. ಸಂದೇಶ ಇಷ್ಟೇ ಇರಲಿ:

‘ನಮ್ಮ ತಾಯಿ ಕಳೆದ ಮಾಘದಲ್ಲಿ ತೀರಿಕೊಂಡರು. ಕೊನೆಯ ಎರಡು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್ ಇತ್ತು. ಅವರ ನೆನಪಿಗೆ ನಾನು, ತಮ್ಮ, ಭಾವ ಪುಣೆಯಿಂದ ಪಣಜಿಗೆ ನಾಲ್ಕು ದಿನದಲ್ಲಿ 440 ಕಿ.ಮೀ. ಸೈಕಲ್ ತುಳಿಯುತ್ತೇವೆ. ನಿಮ್ಮ ಹಣ ಪೂರ್ತಿ ಇಂಥ ಟ್ರಸ್ಟಿನ ಮೂಲಕ ಡಯಾಲಿಸಿಸ್ ಖರ್ಚು ಭರಿಸಲಾಗದವರಿಗೆ ಹೋಗುತ್ತದೆ. ನಮ್ಮ ಖರ್ಚು ನಮ್ಮದೇ. ನೇರ ಟ್ರಸ್ಟ್ ಖಾತೆಗೆ ಹಾಕಿ, ಷರಾದಲ್ಲಿ ಅಮ್ಮ ಎಂದು ಬರೆಯಿರಿ. ಕೊನೆಯ ದಿನ ಜನವರಿ 31.’

ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ಸೊಸೈಟಿಯ ಗುಂಪಿನಲ್ಲಿ ಮರಾಠಿಯೇ ಕೆಲಸ ಮಾಡುವುದು. ಪುಣೆಯ ಕನ್ನಡ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಷನ್ ಇಂಥ ಕಡೆ ಸೂಚನಾ ಫಲಕಕ್ಕೆ ಒಂದು ಹಾಳೆ ಕೊಟ್ಟು ಬನ್ನಿ. ಗೊತ್ತಿರುವ ಉಡುಪಿ ಹೋಟೆಲಿನ ಮಾಲೀಕರನ್ನು ಕೇಳಿ ಗಲ್ಲಾದ ಪಕ್ಕ ಟ್ರಸ್ಟಿನ ಕ್ಯೂಆರ್ ಹಾಳೆ ಅಂಟಿಸಬಹುದು. ಡಬ್ಬಿ ಇಡಬೇಡಿ. ನಗದು ಡಬ್ಬಿಯ ಲೆಕ್ಕ ಯಾರೂ ಒಪ್ಪುವುದಿಲ್ಲ.

‘ಕಿಲೋಮೀಟರಿಗೆ ಹತ್ತು ರೂಪಾಯಿ’ ಎಂಬ ವಾಗ್ದಾನ ಕೇಳಲು ಚೆಂದ, ವಸೂಲಿಗೆ ಕಷ್ಟ. 440 ಕಿ.ಮೀ.ಗೆ ₹4,400 ಆಗುತ್ತದೆಂದು ಹೇಳಿದವರಿಗೇ ಆಮೇಲೆ ಹೊಳೆಯುವುದು. ಮೂರನೆಯ ದಿನ ಮಂಡಿ ಕೈಕೊಟ್ಟು ನೀವು ಕಾರು ಹತ್ತಿದರೆ ಲೆಕ್ಕ ಇನ್ನೂ ಗೋಜಲು. ಹೊರಡುವ ಮೊದಲೇ ಒಂದು ಮೊತ್ತ ಕೊಡಿಸಿಕೊಳ್ಳಿ.

4. ದಾರಿ

ಪುಣೆಯಿಂದ ಹೊರಡುವವರಿಗೆ ನಮ್ಮ ಶಿಫಾರಸು ಇದು: ಪುಣೆ–ಸಾತಾರಾ ಸುಮಾರು 110 ಕಿ.ಮೀ., ಸಾತಾರಾ–ಕೊಲ್ಹಾಪುರ 120, ಕೊಲ್ಹಾಪುರ–ನಿಪ್ಪಾಣಿ–ಆಜರಾ–ಆಂಬೋಲಿ 115, ಆಂಬೋಲಿ–ಸಾವಂತವಾಡಿ–ಪಣಜಿ 90. ಒಟ್ಟು 435, ದುಂಡಾಗಿ 440. ಕೊನೆಯ ದಿನ ಚಿಕ್ಕದಿರುವುದು ಬೇಕೆಂದೇ.

ಮುಂಬಯಿಯವರು ಗಮನಿಸಿ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ, ಅಟಲ್ ಸೇತು, ಬಾಂದ್ರಾ–ವರಳಿ ಸೇತುವೆ ಮೂರರಲ್ಲೂ ಸೈಕಲ್ಲಿಗೆ ಪ್ರವೇಶವಿಲ್ಲ. ಪುಣೆಗೆ ರೈಲಿನಲ್ಲಿ ಬಂದು ಇದೇ ದಾರಿ ಹಿಡಿಯಬಹುದು. ಇಲ್ಲವೇ ಭಾವುಚಾ ಧಕ್ಕಾದಿಂದ ವಾಹನಗಳನ್ನೂ ಒಯ್ಯುವ ರೋ–ರೋ ದೋಣಿಯಲ್ಲಿ ಮಾಂಡವಾಕ್ಕೆ ಇಳಿದು ಕರಾವಳಿಯ ದಾರಿ ಹಿಡಿಯಬಹುದು: ಅಲಿಬಾಗ್, ಮುರುಡ್, ಆಗರದಾಂಡಾದಿಂದ ದಿಘಿಗೆ ದೋಣಿ, ಬಾಗಮಾಂಡಲಾದಿಂದ ವೇಶ್ವಿಗೆ ದೋಣಿ, ದಾಭೋಳದಿಂದ ಧೋಪಾವೆಗೆ ದೋಣಿ, ತವಸಾಳದಿಂದ ಜಯಗಡಕ್ಕೆ ದೋಣಿ, ರತ್ನಾಗಿರಿ, ದೇವಗಡ, ಮಾಲವಣ, ವೆಂಗುರ್ಲೆ. ಅದು ಸುಂದರ, ಆದರೆ ಮೋಸಗಾರ. ಸಮುದ್ರಮಟ್ಟದ ದಾರಿಯೆಂದು ಹೊರಟವರಿಗೆ ಪ್ರತಿ ಖಾರಿ (ಒಳನುಗ್ಗಿದ ಸಮುದ್ರದ ಕವಲು) ದಾಟಿದ ಕೂಡಲೇ ಗೋಡೆಯಂಥ ದಿಬ್ಬ ಎದುರಾಗುತ್ತದೆ. ಏಳು ದಿನಕ್ಕಿಂತ ಕಡಿಮೆಯಲ್ಲಿ ಯೋಚಿಸಬೇಡಿ. ಮೊದಲ ಸವಾರಿಗೆ ಘಟ್ಟದ ಮೇಲಿನ ದಾರಿಯೇ ಮೇಲು.

5. ಸೈಕಲ್

ಮನೆಯಲ್ಲಿರುವ ಗೇರ್ ಸೈಕಲ್ ಸಾಕು. ಹೊಸದನ್ನು ಕೊಳ್ಳುವುದಾದರೆ ಹೊರಡುವ ಹತ್ತು ವಾರ ಮೊದಲು ಕೊಳ್ಳಿ, ಮೈಗೆ ಹೊಂದಲು ಅಷ್ಟು ಬೇಕು. ಎಂಟಿಬಿ, ಅಂದರೆ ಗುಡ್ಡಗಾಡಿನ ಮೌಂಟನ್ ಬೈಕು, ಇದ್ದರೆ ಮುಳ್ಳುಮುಳ್ಳು ಟೈರು ತೆಗೆಸಿ ಒಂದೂವರೆ ಇಂಚಿನ ನುಣುಪು ಟೈರು ಹಾಕಿಸಿ. ನೂರಾರು ಕಿಲೋಮೀಟರಿನಲ್ಲಿ ಅದರಷ್ಟು ಶ್ರಮ ಉಳಿಸುವುದು ಬೇರೆ ಇಲ್ಲ.

ಗೇರು: ಪೆಡಲ್ ಬಳಿಯ ಚಿಕ್ಕ ಹಲ್ಲುಗಾಲಿಯಲ್ಲಿ 34 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ 32 ಅಥವಾ 34 ಇದ್ದರೆ ಮೊದಲ ದಿನ ಎದುರಾಗುವ ಖಂಬಾಟಕಿ ಘಾಟಿಯನ್ನು ಕೂತೇ ಹತ್ತಬಹುದು. ಹಿಂದೆ 25 ಹಲ್ಲಿನ ರೇಸಿಂಗ್ ಗೇರು ಇದ್ದರೆ ಬದಲಾಯಿಸಿ, ಮಂಡಿ ಉಳಿಯುತ್ತದೆ.

ಟೈರಿನ ಗಾಳಿ: 70 ಕಿಲೋ ತೂಕದವರಿಗೆ 28 ಮಿ.ಮೀ. ಟೈರಿನಲ್ಲಿ ಗಾಳಿಯ ಒತ್ತಡ 75ರಿಂದ 85 ಪಿಎಸ್‌ಐ, 32 ಮಿ.ಮೀ. ಟೈರಿನಲ್ಲಿ 60ರಿಂದ 70. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಅಂಕಿಯೇ ಸರಿಯೆಂದು ತುಂಬುವುದು ತಪ್ಪು. ಕಲ್ಲಿನಂತೆ ಗಟ್ಟಿಯಾದ ಟೈರು ಕೈ ಮರಗಟ್ಟಿಸುತ್ತದೆ.

ವಾಲ್ವು: ರೋಡ್ ಸೈಕಲ್ಲುಗಳಲ್ಲಿ ತೆಳ್ಳಗಿನ ಪ್ರೆಸ್ಟಾ ವಾಲ್ವು ಇರುತ್ತದೆ, ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿರುವುದು ಬೈಕು, ಕಾರಿನ ದಪ್ಪ ವಾಲ್ವಿನ ನಳಿಕೆ. ಎರಡನ್ನೂ ಜೋಡಿಸುವ ಹಿತ್ತಾಳೆಯ ಪುಟ್ಟ ಅಡಾಪ್ಟರು ತೀರಾ ಅಗ್ಗ, ಬೆರಳ ತುದಿಯಷ್ಟು. ಪ್ರತಿ ಸೈಕಲ್ಲಿಗೂ ಒಂದು ಇರಲಿ.

ಚೈನು: ಸ್ಟೀಲ್ ಅಡಿಪಟ್ಟಿ ಹಿಡಿದು ಒಂದು ಪಿನ್ನಿನ ನಡುವಿನಿಂದ ಅಳೆಯಿರಿ. ಹೊಸ ಚೈನಿನಲ್ಲಿ 24 ಪಿನ್ನುಗಳಾಚೆಯದು ಸರಿಯಾಗಿ 12 ಇಂಚಿಗೆ ಬೀಳುತ್ತದೆ. ಅದು 12 ಇಂಚಿನಿಂದ ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಚೈನು ಸವೆದಿದೆ. ಹೊರಡುವ ಮುನ್ನಾದಿನ ಹೊಸ ಚೈನು ಹಾಕಿಸಬೇಡಿ. ಹಳೆಯ ಹಲ್ಲುಗಾಲಿಯ ಮೇಲೆ ಹೊಸ ಚೈನು ಜಾರಿದರೆ ಅದು ಗೊತ್ತಾಗುವುದು ಘಾಟಿಯಲ್ಲಿ, ಎದ್ದು ನಿಂತು ತುಳಿಯುವಾಗ. ಮೂರು ವಾರ ಮೊದಲೇ ಹಾಕಿಸಿ ಓಡಿಸಿ ನೋಡಿ.

ಸೀಟಿನ ಎತ್ತರ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೀಳವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇರುವುದರಿಂದ ಮಂಡಿ ತುಸು ಬಾಗಿಯೇ ಇರುತ್ತದೆ. ಮಂಡಿಯ ಮುಂದೆ ನೋವೆಂದರೆ ಸೀಟು ತಗ್ಗಾಗಿದೆ, ಹಿಂದೆ ನೋವೆಂದರೆ ಎತ್ತರವಾಗಿದೆ. ಒಮ್ಮೆಗೆ ಐದು ಮಿ.ಮೀ. ಮಾತ್ರ ಬದಲಾಯಿಸಿ.

ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು. ನಾಚಿಕೆಯಿಂದ ಹಾಕಿಕೊಂಡವರು ಎರಡನೆಯ ದಿನ ಕೂರಲಾರರು. ಹೊಲಿಗೆ ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿ. ದಿನವೂ ಒಗೆದ ಚಡ್ಡಿಯೇ ಬೇಕು, ಆದ್ದರಿಂದ ಕನಿಷ್ಠ ಎರಡು.

6. ಅಭ್ಯಾಸ: ಹನ್ನೆರಡು ವಾರ

ಮೊದಲು ವೈದ್ಯರು. ನಲವತ್ತು ದಾಟಿದವರು ಬಿಪಿ, ಸಕ್ಕರೆ, ಇಸಿಜಿ ಮಾಡಿಸಿ. ನೀವು ಯಾರ ನೆನಪಿಗೆ ಹೊರಟಿದ್ದೀರೋ ಅವರು ಹೃದಯದ ಕಾಯಿಲೆಯಿಂದ ಹೋಗಿದ್ದರೆ, ನೀವು ಅವರ ರಕ್ತಸಂಬಂಧಿಯಾಗಿದ್ದರೆ, ಆ ವಿಷಯವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅವರು ಮುಂದಿನ ಪರೀಕ್ಷೆ ಬರೆದುಕೊಟ್ಟರೆ ಮುಗಿಸಿಕೊಂಡೇ ಸೈಕಲ್ ಹತ್ತಿ.

ಒಂದರಿಂದ ನಾಲ್ಕನೆಯ ವಾರ: ವಾರದ ನಡುವೆ ಎರಡು ದಿನ ಒಂದೊಂದು ಗಂಟೆ, ಭಾನುವಾರ 40ರಿಂದ 60 ಕಿ.ಮೀ. ಐದರಿಂದ ಎಂಟು: ಭಾನುವಾರ 80, ಅದರಲ್ಲಿ ಒಂದು ಘಾಟಿ ಇರಲೇಬೇಕು. ಪುಣೆಯವರಿಗೆ ಬೋಪದೇವ ಘಾಟಿ, ಕಾತ್ರಜ್, ಧೈರ್ಯವಿದ್ದರೆ ಸಿಂಹಗಡ. ಮುಂಬಯಿಯವರಿಗೆ ಠಾಣೆಯ ಯೇವೂರು. ಪಾಮ್ ಬೀಚ್ ರಸ್ತೆಯ ಸಮತಟ್ಟಿನಲ್ಲಿ ಎಷ್ಟು ಓಡಿಸಿದರೂ ಘಾಟಿಯ ಪಾಠ ಆಗುವುದಿಲ್ಲ. ಒಂಬತ್ತು, ಹತ್ತು: ಶನಿವಾರ 90, ಭಾನುವಾರ 80, ಬೆನ್ನು ಬೆನ್ನಿಗೆ. ಈ ಜೋಡಿ ದಿನವೇ ನಿಜವಾದ ಪರೀಕ್ಷೆ. ಒಂದು ದಿನ 150 ಓಡಿಸುವ ಹುಮ್ಮಸ್ಸಿಗಿಂತ ಎರಡನೆಯ ಬೆಳಗ್ಗೆ ಮತ್ತೆ ಸೀಟಿನ ಮೇಲೆ ಕೂರುವುದು ಮುಖ್ಯ. ಕೊನೆಯ ಎರಡು ವಾರ ಅರ್ಧಕ್ಕೆ ಇಳಿಸಿ. ‘ಅಭ್ಯಾಸ ಕಡಿಮೆಯಾಯ್ತು’ ಎಂದು ಕೊನೆಯ ವಾರ ಸಿಂಹಗಡ ಹತ್ತಿ ಮಂಡಿ ಕೆಡಿಸಿಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಪುಣೆ, ಮುಂಬಯಿಯಲ್ಲಿ ‘ಬ್ರೆವೆ’ ಸವಾರಿಗಳು ನಡೆಯುತ್ತವೆ. ಸ್ಪರ್ಧೆಯಲ್ಲ, ಗೊತ್ತಾದ ಅವಧಿಯೊಳಗೆ ದೂರ ಮುಗಿಸುವುದು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ. ಗುಂಪಿನಲ್ಲಿ ಒಬ್ಬರಾದರೂ ಅದನ್ನು ಮುಗಿಸಿದವರಿದ್ದರೆ ವೇಗ ಹಿಡಿತದಲ್ಲಿರುತ್ತದೆ.

7. ಬೆಂಬಲದ ಕಾರು

ಆರು ಸವಾರರಿಗೆ ಒಂದು ಕಾರು, ಗಾಲಿ ಬದಲಾಯಿಸಬಲ್ಲ ಒಬ್ಬರು ಅದರಲ್ಲಿ. ಹೋಗಿಬರಲು ಸುಮಾರು 900 ಕಿ.ಮೀ., ಲೀಟರಿಗೆ 15 ಕೊಡುವ ಕಾರಿಗೆ 60 ಲೀಟರ್ ಪೆಟ್ರೋಲು ಲೆಕ್ಕ ಹಿಡಿಯಿರಿ. ಕಾರು ಸೈಕಲ್ಲುಗಳ ಹಿಂದೆಯೇ ತೆವಳುತ್ತಾ ಬರಬಾರದು. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಲಾರಿಗೆ ಅದು ನಿಂತ ಕಾರಿನಂತೆ. 15–20 ಕಿ.ಮೀ. ಮುಂದೆ ಹೋಗಿ ಪೆಟ್ರೋಲ್ ಬಂಕಿನಲ್ಲಿ ಕಾಯಲಿ.

ಕಾರಿನಲ್ಲಿ: ನಿಲ್ಲಿಸಿ ಹೊಡೆಯುವ ಪಂಪು, ಒಬ್ಬರಿಗೆ ಎರಡರಂತೆ ಟ್ಯೂಬು, ಪ್ರತಿ ಅಳತೆಯದೊಂದು ಟೈರು, ಬ್ರೇಕ್ ಪ್ಯಾಡು, ಗೇರು ಮತ್ತು ಬ್ರೇಕಿನ ತಂತಿ, ಚೈನು ಜೋಡಿಸುವ ಕ್ವಿಕ್ ಲಿಂಕು. ಲಿಂಕು ಕೊಳ್ಳುವಾಗ 8, 9, 10, 11 ಗೇರಿನ ಚೈನಿಗೆ ಬೇರೆ ಬೇರೆ ಎಂಬುದು ನೆನಪಿರಲಿ. ಯಾರೂ ಒಯ್ಯದ, ಆದರೆ ಸವಾರಿಯನ್ನೇ ನಿಲ್ಲಿಸಬಲ್ಲ ವಸ್ತು ಒಂದಿದೆ: ಹಿಂದಿನ ಗೇರು ನೇತುಬಿದ್ದಿರುವ ಹ್ಯಾಂಗರ್ ಎಂಬ ಅಲ್ಯೂಮಿನಿಯಂ ಕೊಂಡಿ. ಸೈಕಲ್ ಬಲಕ್ಕೆ ಬಿದ್ದರೆ ಅದು ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಪ್ರತಿ ಮಾಡೆಲ್ಲಿಗೂ ಅದರದ್ದೇ ಬೇಕು. ಕರಾಡದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಫೋನಿನಲ್ಲಿ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಪ್ರತಿಯೊಬ್ಬರ ಕಿಸೆಯಲ್ಲಿ ರಕ್ತದ ಗುಂಪು, ಮನೆಯ ನಂಬರು ಬರೆದ ಚೀಟಿ.

8. ಆ ನಾಲ್ಕು ದಿನ

ಗಂಟೆಗೆ 18 ಕಿ.ಮೀ. ಎಂದು ಹಿಡಿದರೆ 110 ಕಿ.ಮೀ.ಗೆ ಆರು ಗಂಟೆ, ತಿಂಡಿ, ಪಂಕ್ಚರ್, ಫೋಟೋ ಸೇರಿ ಏಳೂವರೆ. ಬೆಳಗ್ಗೆ ಆರಕ್ಕೆ ಹೊರಟರೆ ಒಂದೂವರೆಗೆ ಮುಟ್ಟಬಹುದು. ಭಾಷಣ, ಹಾರ, ಫೋಟೋ ಎಂದು ಎಂಟಕ್ಕೆ ಹೊರಟವರು ಖಂಬಾಟಕಿಯನ್ನು ನೆತ್ತಿಯ ಬಿಸಿಲಲ್ಲಿ ಹತ್ತುತ್ತಾರೆ. ಬೀಳ್ಕೊಡುಗೆ ಬೇಕಿದ್ದರೆ ಹಿಂದಿನ ಸಂಜೆ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಕಾಣುವುದು ಏಳರ ಹೊತ್ತಿಗೆ, ಆದ್ದರಿಂದ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ಬೆಳಕಿಗೆ ಮಿನುಗುವ ಪಟ್ಟಿ ಬೇಕೇ ಬೇಕು.

ಮೊದಲ ದಿನ. ನವಲೆ ಸೇತುವೆ, ಹೊಸ ಕಾತ್ರಜ್ ಸುರಂಗದ ಕಡೆ ಹೋಗಬೇಡಿ. ಅಪಘಾತಕ್ಕೆ ಹೆಸರಾದ ಇಳಿಜಾರು ಅದು. ಹಳೆಯ ಕಾತ್ರಜ್ ಘಾಟಿ ಹತ್ತಿ ಶಿಂದೇವಾಡಿಯಲ್ಲಿ ಹೆದ್ದಾರಿ ಸೇರಿ. ಘಾಟಿಯ ತುದಿಯ ಹಳೆಯ ಸುರಂಗದೊಳಗೆ ದೀಪ ಹಚ್ಚಿಕೊಂಡೇ ಹೋಗಿ. ಶಿರವಳದಲ್ಲಿ ತಿಂಡಿ, ನೀರು. ಆಮೇಲೆ ಖಂಬಾಟಕಿ. ಅಲ್ಲಿ ಲಾರಿಗಳು ನಿಮ್ಮಷ್ಟೇ ನಿಧಾನ, ಆದರೆ ಎಡಕ್ಕೆ ಒತ್ತುತ್ತವೆ. ಲಾರಿಯ ಎಡಗಡೆಯಿಂದ ನುಸುಳಬೇಡಿ. ಉಸಿರು ಸಾಲದಿದ್ದರೆ ಇಳಿದು ತಳ್ಳಿ, ಯಾರೂ ಅಂಕ ಕಳೆಯುವುದಿಲ್ಲ.

ಎರಡನೆಯ ದಿನ. ಕರಾಡದಿಂದಾಚೆ ಕಬ್ಬಿನ ಸೀಮೆ. ಕಾರ್ಖಾನೆ ನಡೆಯುವ ಚಳಿಗಾಲದಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರಾಕ್ಟರುಗಳು ಸಾಲಾಗಿ ಹೋಗುತ್ತವೆ. ಕಬ್ಬಿನ ಜಲ್ಲೆ ಟ್ರಾಲಿಯಿಂದ ಪಕ್ಕಕ್ಕೆ ಚಾಚಿರುತ್ತದೆ, ಹಿಂದೆ ದೀಪವಿರುವುದು ಅಪರೂಪ. ದಾಟುವಾಗ ಎರಡು ಟ್ರಾಲಿಯ ಉದ್ದವನ್ನು ಲೆಕ್ಕ ಹಾಕಿ. ಕತ್ತಲಾದ ಮೇಲೆ ಈ ಪಟ್ಟಿಯಲ್ಲಿ ಸೈಕಲ್ ಬೇಡ. ಹೆದ್ದಾರಿ ಅಗಲಿಸುವ ಕಾಮಗಾರಿ ಇರುವ ಕಡೆ ಮಾರ್ಗ ಬದಲಾವಣೆ, ಜಲ್ಲಿ, ಧೂಳು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪಂಕ್ಚರ್ ಆಗುವುದೂ ಇಲ್ಲೇ ಹೆಚ್ಚು, ಕಾರಣ ಮುಳ್ಳಲ್ಲ. ಲಾರಿಯ ಟೈರು ಒಡೆದಾಗ ಅದರೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ರಸ್ತೆಯ ಅಂಚಿನಲ್ಲಿ ಚದುರಿರುತ್ತದೆ. ಅದು ಟೈರಿಗೆ ಹೊಕ್ಕರೆ ಕಣ್ಣಿಗೆ ಕಾಣದು. ಹೊಸ ಟ್ಯೂಬು ಹಾಕಿ ಐದು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಪಂಕ್ಚರ್. ಟ್ಯೂಬಿನ ತೂತು ಎಲ್ಲಿದೆಯೋ ಟೈರಿನ ಅದೇ ಜಾಗ ಹುಡುಕಿ, ಒಳಗಡೆ ಹತ್ತಿ ಅಥವಾ ಬಟ್ಟೆ ಸವರಿ. ಎಳೆ ಸಿಕ್ಕಿಕೊಂಡಲ್ಲಿ ತಂತಿ ಇದೆ, ಚಿಮಟದಿಂದ ಕಿತ್ತು ತೆಗೆಯಿರಿ. ಬೆರಳು ಸವರಿದರೆ ಬೆರಳಿಗೇ ಚುಚ್ಚುತ್ತದೆ.

ಆ ರಾತ್ರಿ ಕೊಲ್ಹಾಪುರದಲ್ಲಿ ತಾಂಬಡಾ ರಸ್ಸಾ, ಮಿಸಳ್ ಕರೆಯುತ್ತವೆ. ಮಾರನೆಯ ದಿನದ ಹೊಟ್ಟೆಯನ್ನು ನೆನೆದು ಮೊಸರನ್ನಕ್ಕೆ ತೃಪ್ತರಾಗಿ.

ಮೂರನೆಯ ದಿನ. ಕಾಗಲ್ ದಾಟಿ ಕೊಗನೊಳ್ಳಿಯಿಂದ ಕರ್ನಾಟಕ. ನಿಪ್ಪಾಣಿಯಲ್ಲಿ ಹೆದ್ದಾರಿಗೆ ವಿದಾಯ ಹೇಳಿ ಉತ್ತೂರು, ಆಜರಾದ ದಾರಿ ಹಿಡಿದರೆ ಮತ್ತೆ ಮಹಾರಾಷ್ಟ್ರ. ಇಡೀ ಸವಾರಿಯಲ್ಲಿ ಸದ್ದು ತಗ್ಗುವುದು ಇಲ್ಲಿ. ದುಃಖ ಮೇಲೆ ಬರುವುದೂ ಹೆಚ್ಚಾಗಿ ಇಲ್ಲೇ. ಯಾರಾದರೂ ಸೈಕಲ್ ನಿಲ್ಲಿಸಿ ಸುಮ್ಮನೆ ನಿಂತರೆ ‘ಏನಾಯ್ತು’ ಎಂದು ಗುಂಪುಗೂಡಬೇಡಿ. ಒಬ್ಬರು ಸ್ವಲ್ಪ ದೂರದಲ್ಲಿ ಕಾದರೆ ಸಾಕು. ಆಜರಾದಲ್ಲಿ ಎಲ್ಲ ಬಾಟಲಿ ತುಂಬಿಸಿಕೊಳ್ಳಿ, ಮುಂದೆ ಅಂಗಡಿಗಳು ವಿರಳ. ಆಂಬೋಲಿಯ ಕೋಣೆ ಮೊದಲೇ ಕಾದಿರಿಸಿರಿ, ರಾತ್ರಿ ಚಳಿಗೆ ಒಂದು ಸ್ವೆಟರ್ ಇಡಿ.

ನಾಲ್ಕನೆಯ ದಿನ. ಸಾವಂತವಾಡಿ ಮುಟ್ಟುವಷ್ಟರಲ್ಲಿ 600 ಮೀಟರಿನಷ್ಟು ಇಳಿಯುತ್ತೀರಿ. ಹೊರಡುವ ಮೊದಲು ಬ್ರೇಕ್ ಪ್ಯಾಡು ನೋಡಿ. ರಿಮ್ಮನ್ನು ಹಿಡಿಯುವ ಬ್ರೇಕಾದರೆ ಒಂದೇ ಸಮನೆ ಒತ್ತಿ ಹಿಡಿಯಬೇಡಿ, ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ತಿರುವಿಗೆ ಮೊದಲೇ ಒತ್ತಿ, ತಿರುವಿನಲ್ಲಿ ಬಿಡಿ. ಮಂಜು, ಒದ್ದೆ ಎಲೆ, ಮಂಗಗಳು. ತಿಂಡಿಯ ಚೀಲ ಹ್ಯಾಂಡಲ್ಲಿಗೆ ನೇತುಹಾಕಬೇಡಿ. ಬಾಂದಾ, ಪತ್ರಾದೇವಿ ದಾಟಿದರೆ ಗೋವಾ. ಅಷ್ಟು ಹೊತ್ತಿಗೆ ಸೆಖೆ ಬೆನ್ನು ಹತ್ತಿರುತ್ತದೆ, ಘಟ್ಟದ ಮೇಲೆ ಕುಡಿದ ನೀರಿನ ಅಳತೆ ಇಲ್ಲಿ ಸಾಲದು.

ನಾಲ್ಕೂ ದಿನ ಗಂಟೆಗೆ 500ರಿಂದ 750 ಮಿ.ಲೀ. ನೀರು, ಜೊತೆಗೆ ಎರಡು ಬಾಳೆಹಣ್ಣು ಅಥವಾ ಅದಕ್ಕೆ ಸಮನಾದ ಖರ್ಜೂರ, ಶೇಂಗಾ ಚಿಕ್ಕಿ. ಓಆರ್‌ಎಸ್ ಪೊಟ್ಟಣ ದೊಡ್ಡದಾದರೆ ಒಂದು ಲೀಟರಿಗೆ ಪೂರ್ತಿ ಒಂದು. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿದು ಕುಡಿದರೆ ಹೊಟ್ಟೆ ತೊಳಸುತ್ತದೆ. ಹಸಿವಾಗುವವರೆಗೆ ಕಾದರೆ ತಡವಾಯಿತೆಂದೇ ಲೆಕ್ಕ.

ಪಣಜಿ ಹೊಗುವಾಗ ಮಾಂಡೋವಿಯ ಮೇಲಿನ ಎತ್ತರದ ಕೇಬಲ್ ಸೇತುವೆಗೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಹಳೆಯ ಸೇತುವೆ ಹಿಡಿಯಬಹುದು. ಅದಕ್ಕಿಂತ ಒಳ್ಳೆಯದು ಪೊರ್ವೊರಿಮ್‌ನಿಂದ ಬೇತಿಗೆ ಇಳಿದು ಫೆರಿಯಲ್ಲಿ ಆಚೆ ದಡ ಸೇರುವುದು. ಸೈಕಲ್ ಹಿಡಿದು ಎಲ್ಲರೂ ಒಟ್ಟಿಗೆ ನಿಲ್ಲಲು ಕೆಲವು ನಿಮಿಷ ಸಿಗುತ್ತದೆ. ಮನೆಗೆ ಫೋನು ಮಾಡುವುದಿದ್ದರೆ ಅದೇ ಸರಿಯಾದ ಹೊತ್ತು.

9. ಮರಳುವುದು, ಲೆಕ್ಕ

ವಾಸ್ಕೊದಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ಮಡಗಾಂವ್, ಲೋಂಡಾ, ಬೆಳಗಾವಿ, ಮಿರಜ್ ಮಾರ್ಗವಾಗಿ ಪುಣೆಗೆ ಬರುತ್ತದೆ. ಸೈಕಲ್ಲನ್ನು ಟಿಕೆಟ್ ತೋರಿಸಿ ಲಗೇಜಾಗಿ ಬುಕ್ ಮಾಡಿಸಿ. ಪಾರ್ಸೆಲ್ ಕಚೇರಿಗೆ ಎರಡು ಮೂರು ಗಂಟೆ ಮೊದಲೇ ಹೋಗಿ. ಪೆಡಲ್ ಬಿಚ್ಚಿ, ಹಿಂದಿನ ಗೇರಿಗೆ ರಟ್ಟು ಸುತ್ತಿ, ಹೆಸರು, ಪಿಎನ್‌ಆರ್, ಫೋನು ಬರೆದ ರಟ್ಟನ್ನು ಎರಡು ಕಡೆ ಕಟ್ಟಿ. ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ, ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಬಲ ಹಾಕಿ ಮರೆ ಕೆಡಿಸಿದವರು ಬಹಳ.

ಕೊನೆಯ ದಿನಾಂಕ ಕಳೆದು ಹದಿನೈದು ದಿನದೊಳಗೆ ಒಂದು ಪುಟದ ಲೆಕ್ಕ ಎಲ್ಲ ದಾನಿಗಳಿಗೂ ಹೋಗಬೇಕು: ಸಂಸ್ಥೆ ಕೊಟ್ಟ ಒಟ್ಟು ಮೊತ್ತದ ಪತ್ರ, ಎಷ್ಟು ಜನರಿಂದ ಬಂತು, ಯಾವ ಕೆಲಸಕ್ಕೆ, ಸವಾರಿಯ ಖರ್ಚನ್ನು ಯಾರು ಭರಿಸಿದರು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಹಾಕಬೇಡಿ, ₹101 ಕೊಟ್ಟ ಹಳೆಯ ಕೆಲಸದಾಕೆಯನ್ನು ಅದು ನಾಚಿಸುತ್ತದೆ. ಷರಾ ಬರೆಯದೆ ಹಣ ಹಾಕಿದವರು ಕೆಲವರು ಇದ್ದೇ ಇರುತ್ತಾರೆ. ಅವರಿಂದ ವಹಿವಾಟಿನ ಸಂಖ್ಯೆ ತರಿಸಿ ಸಂಸ್ಥೆಯ ಲೆಕ್ಕಿಗರಿಗೆ ಕೊಡಿ. ಮಾರ್ಚ್ 31ರ ಮೊದಲು ಈ ಕೆಲಸ ಮುಗಿದರೆ ಆ ವರ್ಷದ ಲೆಕ್ಕಕ್ಕೆ ರಸೀದಿ ಸಿಗುವುದು ಸುಲಭ.